ಕೇಳಿ ಕಟ್ಟಿದ ತೆರಿಗೆ

ಲೋಕದಲ್ಲಿ ತೆರಿಗೆ ತಪ್ಪಿಸಿಕೊಳ್ಳಲು ಒದ್ದಾಡುವವರಿಗೆ ಲೆಕ್ಕವಿಲ್ಲ. ಆದರೆ ‘ನಿಮಗೆ ತೆರಿಗೆ ಬರುವುದಿಲ್ಲ’ ಎಂದು ಬ್ಯಾಂಕಿನವರು ಹೇಳಿದ್ದಕ್ಕೆ ಮುಖ ಊದಿಸಿಕೊಂಡು ಮನೆಗೆ ಬಂದವರು ಯಾರಾದರೂ ಇದ್ದರೆ ಅದು ಎಕ್ಸ್‌ಚೇಂಜ್ ಅಕ್ಕ ಒಬ್ಬಳೇ ಇರಬೇಕು. ಯಾಕಮ್ಮಾ ಎಂದು ಕೇಳಿದರೆ ತಲೆನೋವು ಎನ್ನುತ್ತಿದ್ದಳು. ತಲೆಗೆ ಏನೂ ಆಗಿರಲಿಲ್ಲ, ಉರಿಯುತ್ತಿದ್ದದ್ದು ಹೊಟ್ಟೆ.

ಹೊಟ್ಟೆ ಉರಿಸಿದವಳು ಬೇರೆ ಯಾರೂ ಅಲ್ಲ, ಸ್ವಂತ ವಾರಗಿತ್ತಿ, ಅಂದರೆ ಗಂಡನ ತಮ್ಮನ ಹೆಂಡತಿ. ದೂರದವರ ಏಳಿಗೆಯನ್ನು ಮನುಷ್ಯರು ಹೇಗೋ ಸಹಿಸಿಕೊಳ್ಳುತ್ತಾರೆ. ಒಂದೇ ಮನೆಗೆ ಸೊಸೆಯಾಗಿ ಬಂದು, ಒಂದೇ ಅತ್ತೆಯ ಕೈಯಲ್ಲಿ ಬೈಸಿಕೊಂಡು, ತನ್ನ ಹಳೇ ಕೈಚೀಲವನ್ನು ತೊಳೆದು ಇಟ್ಟುಕೊಂಡವಳು ತನ್ನನ್ನು ದಾಟಿ ಮುಂದೆ ಹೋದರೆ ಅದನ್ನು ಸಹಿಸುವುದು ಎಲ್ಲರಿಂದ ಆಗುವ ಕೆಲಸವಲ್ಲ. ಅಕ್ಕನಿಂದಂತೂ ಆಗಲಿಲ್ಲ.

ಹೆಸರಿಗೆ ತಕ್ಕಂತೆ ಅವಳು ಎಕ್ಸ್‌ಚೇಂಜಿನವಳು. ಊರಿನ ದೊಡ್ಡ ಸರ್ಕಾರಿ ಆಸ್ಪತ್ರೆಯ ಮೇಲಿನ ಮಹಡಿಯಲ್ಲಿ, ಕಿಟಕಿಯಿಲ್ಲದ ಒಂದು ಕೋಣೆಯಲ್ಲಿ, ಟೆಲಿಫೋನ್ ಬೋರ್ಡಿನ ಮುಂದೆ ಕೂತು ಜೀವನದ ಒಳ್ಳೆಯ ಭಾಗ ಕಳೆದಳು. ಬೋರ್ಡಿನಲ್ಲಿ ದೀಪ ಹೊತ್ತಿಕೊಂಡರೆ ವೈರು ಎಳೆದು ತೂತಿಗೆ ಸಿಕ್ಕಿಸಿ “ಹಲೋ, ಆಸ್ಪತ್ರೆ” ಎನ್ನಬೇಕು. ಆ ಎರಡು ಶಬ್ದವನ್ನು ಅವಳು ಹೇಳುತ್ತಿದ್ದ ರೀತಿಗೆ ಫೋನು ಮಾಡಿದವರ ಅರ್ಧ ಗಾಬರಿ ಇಳಿಯುತ್ತಿತ್ತಂತೆ. ದೊಡ್ಡ ದೊಡ್ಡ ಡಾಕ್ಟರುಗಳು ಅವಳ ಮುಖ ನೋಡದಿದ್ದರೂ ದನಿ ಕೇಳಿ ಗುರುತು ಹಿಡಿಯುತ್ತಿದ್ದರು. ಅದೇ ಕಟ್ಟಡದ ಲಿಫ್ಟಿನಲ್ಲಿ ನಿಂತು ಗುಂಡಿ ಒತ್ತುತ್ತಿದ್ದವನು ಅವಳ ಗಂಡನಾದ. ಮೇಲಿನ ಮಹಡಿಗೆ ಹೋಗುವವಳು ಅವಳೊಬ್ಬಳೇ ಆಗಿದ್ದರಿಂದ ಕೊನೆಯ ಎರಡು ಮಹಡಿಗಳ ಮಟ್ಟಿಗೆ ಮಾತಾಡಲು ಬಿಡುವು ಸಿಗುತ್ತಿತ್ತು, ಮದುವೆಗೆ ಅಷ್ಟು ಸಾಕಾಯಿತು. ಲಿಫ್ಟಣ್ಣ ಎಂದು ಆಸ್ಪತ್ರೆಯವರು ಇಟ್ಟ ಹೆಸರು ಅವನಿಗೆ ಮನೆಯಲ್ಲೂ ಉಳಿಯಿತು.

ಸಂಬಳ ತರುವ ಸೊಸೆ ಎಂದರೆ ಆ ಮನೆಯಲ್ಲಿ ಮೊದಲಿಗಳು ಅವಳೇ. ಅತ್ತೆ ಬಂದವರ ಮುಂದೆ ಅವಳನ್ನು ಕರೆದು ನಿಲ್ಲಿಸಿ, “ಇವಳು ಗೌರ್ಮೆಂಟಲ್ಲಿದಾಳೆ” ಎನ್ನುತ್ತಿದ್ದರು. ಆಮೇಲೆ ಬಸ್ ಓಡಿಸುವ ಮೈದುನನಿಗೆ ಮದುವೆಯಾಗಿ ಬಂದ ವಾರಗಿತ್ತಿಗೆ ಓದೂ ಅಷ್ಟಕ್ಕಷ್ಟೇ, ಕೆಲಸವೂ ಇಲ್ಲ. ಬಾಗಿಲ ಪಕ್ಕ ಬೆಳಕಿಗೆ ಕೂತು ಯಾವುದೋ ಬಟ್ಟೆ ಅಂಗಡಿಯ ಷರ್ಟುಗಳಿಗೆ ಗುಂಡಿ ಹೊಲಿಯುತ್ತಿದ್ದಳು. ಅಕ್ಕನಿಗೆ ಅವಳ ಮೇಲೆ ಬಹಳ ಪ್ರೀತಿ. ಹಳೇ ಕೈಚೀಲ, ಹಿಡಿ ಸಡಿಲವಾದ ಕೊಡೆ, ಬಣ್ಣ ಮಾಸಿದ ಸ್ವೆಟರು ಎಲ್ಲ ಕೊಟ್ಟಳು. ಕನಿಕರ ಪಡುವುದೆಂದರೆ ಅಕ್ಕನಿಗೆ ಮೊದಲಿಂದಲೂ ಇಷ್ಟ, ಅದರಲ್ಲಿ ಅವಳು ಧಾರಾಳಿ.

ತೊಂದರೆ ಆದದ್ದು ಕನಿಕರ ಪಡಲು ಏನೂ ಉಳಿಯದೆ ಹೋದಾಗ. ಗುಂಡಿ ಹೊಲಿಯುತ್ತಿದ್ದವಳು ಕಂತಿನ ಮೇಲೆ ಒಂದು ಮಿಷನ್ ತಂದಳು. ಪಕ್ಕದ ಶಾಲೆಯ ಯೂನಿಫಾರ್ಮ್ ಹಿಡಿದಳು. ಆಮೇಲೆ ಇನ್ನೊಂದು ಶಾಲೆ, ಇನ್ನೊಂದು ಮಿಷನ್, ಹೊಲಿಯಲು ಬರುವ ಹೆಂಗಸರು, ಬೀದಿಗೆ ಬಾಗಿಲು ತೆರೆದ ನೆಲಮಹಡಿಯ ಮನೆ, ಅದರ ಮುಂಗೋಣೆಯಲ್ಲಿ ಉದ್ದನೆಯ ಕತ್ತರಿ ಮೇಜು. ಅದೇ ಹೊತ್ತಿಗೆ ಆಸ್ಪತ್ರೆಯವರು ಟೆಲಿಫೋನ್ ಬೋರ್ಡನ್ನು ಕಿತ್ತು ಗುಜರಿಗೆ ಹಾಕಿ, ‘ಒಂದು ಒತ್ತಿ, ಎರಡು ಒತ್ತಿ’ ಎನ್ನುವ ಯಂತ್ರದ ದನಿ ತಂದು ಕೂರಿಸಿದರು. ಅಕ್ಕನನ್ನು ಹಳೇ ಫೈಲುಗಳ ಕೋಣೆಗೆ ಹಾಕಿದರು. ಧೂಳು ಕುಡಿದುಕೊಂಡು ನಾಲ್ಕೈದು ವರ್ಷ ದೂಡಿ ನಿವೃತ್ತಳಾದಳು. ಈಗ ಅವಳಿಗೂ ಪಿಂಚಣಿ, ಗಂಡನಿಗೂ ಸಣ್ಣದೊಂದು ಪಿಂಚಣಿ, ಅದೇ ಬೀದಿಯ ತುದಿಯಲ್ಲಿ ಮೂರನೇ ಮಹಡಿಯ ಮನೆ. ಜೀವಮಾನವಿಡೀ ಜನರನ್ನು ಮೇಲೆ ಕೆಳಗೆ ಮಾಡಿದ ಲಿಫ್ಟಣ್ಣನಿಗೆ ಸಿಕ್ಕಿದ ಕಟ್ಟಡದಲ್ಲಿ ಲಿಫ್ಟೇ ಇಲ್ಲ. ಇದನ್ನು ಅವನೇ ಎಲ್ಲರಿಗೂ ಹೇಳಿ ನಗಿಸುತ್ತಿದ್ದ.

ನಗು ಬಾಯಲ್ಲಿತ್ತು, ಮಂಡಿಯಲ್ಲಿರಲಿಲ್ಲ. ನಿಂತೇ ಕೆಲಸ ಮಾಡಿ ಅವನ ಎರಡೂ ಮಂಡಿ ಸವೆದಿದ್ದವು. ಆಸ್ಪತ್ರೆಯ ಹಿರಿಯ ಮೂಳೆ ಡಾಕ್ಟರು ಹಳೇ ಪರಿಚಯದವರು. ಅವರು ನೋಡಿ, ಎರಡೂ ಬದಲಾಯಿಸಬೇಕು, ಆಪರೇಷನ್ ಖರ್ಚು ನೌಕರರ ಪಾಲಿಗೆ ಉಚಿತ, ಆದರೆ ಕೃತಕ ಕೀಲಿನ ದುಡ್ಡು ಮಾತ್ರ ನೀವೇ ಹೊಂದಿಸಿಕೊಳ್ಳಿ ಎಂದರು. ನಿವೃತ್ತಿಯಾದಾಗ ಒಟ್ಟಿಗೆ ಬಂದ ಹಣವನ್ನು ಅಕ್ಕ ಬ್ಯಾಂಕಿನಲ್ಲಿ ಠೇವಣಿ ಇಟ್ಟಿದ್ದಳು. ಅದರ ಅವಧಿ ಆ ವರ್ಷವೇ ಮುಗಿದು ಅಸಲೂ ಬಡ್ಡಿಯೂ ಅವಳ ಖಾತೆಗೆ ಬಂದು ಬಿದ್ದಿತ್ತು. ಅದು ಗಂಡನ ಮಂಡಿಯ ದುಡ್ಡು ಎಂದು ಇಬ್ಬರೂ ಮಾತಾಡಿಕೊಂಡಾಗಿತ್ತು. ಆಪರೇಷನ್ನಿಗೆ ಸರದಿ ಬರಲು ಇನ್ನೂ ಸಮಯವಿತ್ತು.

ಅಷ್ಟರಲ್ಲಿ ಒಂದು ಮಧ್ಯಾಹ್ನ ವಾರಗಿತ್ತಿ ಚಹಾಕ್ಕೆ ಕರೆದಳು. ಹೋಗಿ ನೋಡಿದರೆ ಮುಂಗೋಣೆಯ ಕುರ್ಚಿಯಲ್ಲಿ ಟೈ ಕಟ್ಟಿದ ಒಬ್ಬ ಮನುಷ್ಯ ಕೂತು ಕಾಗದ ತಿರುವುತ್ತಿದ್ದಾನೆ.

“ಬನ್ನಿ ಅಕ್ಕಾ. ಇವರು ನಮ್ಮ ಆಡಿಟರ್ರು,” ಎಂದಳು ವಾರಗಿತ್ತಿ.

ನಮ್ಮ ಆಡಿಟರ್ರು! ನಮ್ಮ ಹಾಲಿನವನು, ನಮ್ಮ ಪೇಪರಿನವನು ಎನ್ನುವಷ್ಟು ಸಲೀಸಾಗಿ ಹೇಳಿದಳು. ಅಕ್ಕ ಚಹಾ ಹೀರುತ್ತಾ ಕಣ್ಣೆತ್ತಿದರೆ ಗೋಡೆಯ ಮೇಲೆ ಗಾಜಿನ ಚೌಕಟ್ಟಿನಲ್ಲಿ ಒಂದು ಪತ್ರ. ತೆರಿಗೆ ಇಲಾಖೆಯದು. ಸಕಾಲಕ್ಕೆ ಆದಾಯ ತೆರಿಗೆ ಕಟ್ಟಿದ್ದಕ್ಕೆ ಮೆಚ್ಚಿಗೆ ಸೂಚಿಸಿ, ಕೆಳಗೆ ಯಾರೋ ದೊಡ್ಡ ಅಧಿಕಾರಿ ಸಹಿ ಹಾಕಿದ್ದಾರೆ.

“ಇದೇನೇ ಇದು?”

“ಅಯ್ಯೋ, ಅದಾ! ನಾನು ಡ್ರಾಯರಲ್ಲಿ ಹಾಕಿದ್ದೆ ಅಕ್ಕಾ, ನಮ್ಮ ಮನೆಯವರು ಹೋಗಿ ಫ್ರೇಮ್ ಹಾಕಿಸ್ಕೊಂಡು ಬಂದ್ರು. ನನಗೇನು ಗೊತ್ತಾಗುತ್ತೆ, ಆಡಿಟರ್ರು ಬೆರಳಿಟ್ಟ ಕಡೆ ಸೈನ್ ಹಾಕ್ತೀನಿ. ಕಟ್ಟೋ ದಿನ ಅಳು ಬರುತ್ತೆ, ನಿಜ.”

ಅಳು ಬರುತ್ತಂತೆ ಅಳು! ಅಕ್ಕ ಅರ್ಧ ಚಹಾ ಬಿಟ್ಟು ಎದ್ದಳು. ಮೂವತ್ತು ವರ್ಷ ಗೌರ್ಮೆಂಟಲ್ಲಿದ್ದವಳು ತಾನು. ಸರ್ಕಾರ ತನಗೆ ಒಂದು ಚೀಟಿ ಬರೆದು ಮೆಚ್ಚಿದೆಯೇ? ಬೋರ್ಡು ಕಿತ್ತ ದಿನ ಒಂದು ಹೂವು ಕೊಟ್ಟಿದೆಯೇ? ಷರ್ಟಿಗೆ ಗುಂಡಿ ಹೊಲಿದವಳಿಗೆ ಚೌಕಟ್ಟು! ಮೆಟ್ಟಿಲು ಹತ್ತಿ ಮನೆ ಸೇರುವಷ್ಟರಲ್ಲಿ ಅವಳ ಮನಸ್ಸು ಕುದ್ದು ಉಕ್ಕಿತ್ತು. ವಾರಗಿತ್ತಿಯ ಮಿಷನ್ನುಗಳ ಮೇಲೆ ಅವಳಿಗೆ ಆಸೆಯಿರಲಿಲ್ಲ, ನೆಲಮಹಡಿಯ ಮನೆಯನ್ನೂ ಹೇಗೋ ನುಂಗಿಕೊಂಡಿದ್ದಳು. ಆ ತೆರಿಗೆಯನ್ನು ನುಂಗಲು ಮಾತ್ರ ಆಗಲಿಲ್ಲ.

ಮಾರನೇ ದಿನವೇ ಬ್ಯಾಂಕಿಗೆ ಹೋದಳು. ಕೌಂಟರಿನಲ್ಲಿ ಕೂರುವ ಕನ್ನಡಕದ ಹುಡುಗಿಗೆ ಅವಳ ಪರಿಚಯ ಚೆನ್ನಾಗಿತ್ತು. ಪ್ರತಿ ವರ್ಷ ಅಕ್ಕ ಅವಳ ಮುಂದೆ ನಿಂತು, ನನ್ನ ಆದಾಯ ಮಿತಿಯೊಳಗಿದೆ, ಬಡ್ಡಿಯಲ್ಲಿ ತೆರಿಗೆ ಮುರಿಯಬೇಡಿ ಎನ್ನುವ ಫಾರ್ಮಿಗೆ ಸಹಿ ಹಾಕಿ ಕೊಡುತ್ತಿದ್ದಳು.

“ಈ ಸಲ ಆ ಫಾರ್ಮ್ ಬೇಡಮ್ಮ. ನನಗೂ ಟ್ಯಾಕ್ಸ್ ಹಿಡ್ಕೊಳ್ಳಿ,” ಎಂದಳು ಅಕ್ಕ, ಪಕ್ಕದ ಸಾಲಿನವರಿಗೂ ಕೇಳುವ ಹಾಗೆ.

ಹುಡುಗಿ ಕನ್ನಡಕ ಸರಿಮಾಡಿಕೊಂಡಳು. “ಯಾಕಮ್ಮಾ? ನಿಮ್ಮ ಪಿಂಚಣಿ, ಬಡ್ಡಿ ಎರಡೂ ಸೇರಿಸಿದ್ರೂ ಮಿತಿಗಿಂತ ಕಡಿಮೆನೇ ಅಲ್ವಾ? ನಿಮಗೆ ಟ್ಯಾಕ್ಸ್ ಬರಲ್ಲ.”

“ಬರಲ್ಲ ಅಂದ್ರೆ? ನಾನು ಅಷ್ಟು ವರ್ಷ ದುಡಿದಿಲ್ವಾ?”

“ದುಡಿದಿದೀರಿ, ಯಾರು ಇಲ್ಲ ಅಂದ್ರು? ಟ್ಯಾಕ್ಸ್ ಬರಲ್ಲ ಅಂದ್ರೆ ಒಳ್ಳೇದು ತಾನೇ? ನಾವು ಸುಮ್ನೆ ಮುರ್ಕೊಂಡ್ರೆ ಆಮೇಲೆ ನೀವೇ ವಾಪಸ್ ಕೊಡಿ ಅಂತ ಅರ್ಜಿ ಹಾಕ್ಬೇಕು.”

ಹುಡುಗಿ ಒಳ್ಳೆಯದಕ್ಕೇ ಹೇಳಿದಳು. ಆದರೆ ‘ಕಡಿಮೆ’ ಎಂಬ ಒಂದೇ ಶಬ್ದ ಅಕ್ಕನ ಕಿವಿಯಲ್ಲಿ ಕೂತಿತು. ಮುಖ ಊದಿಸಿಕೊಂಡು ಮನೆಗೆ ಬಂದದ್ದು ಅವತ್ತೇ.

ಸುಮ್ಮನೆ ಕೂತಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಅಸೂಯೆ ಹತ್ತಿದವರು ಸುಮ್ಮನೆ ಕೂರುವುದುಂಟೇ? ಬ್ಯಾಂಕು ಬೇಡ ಎಂದರೆ ನೇರವಾಗಿ ಇಲಾಖೆಗೇ ಲೆಕ್ಕ ಕೊಡುತ್ತೇನೆ ಎಂದು ಬಸ್ ನಿಲ್ದಾಣದ ಹಿಂದಿನ ಅರ್ಜಿ ಮಾಮನ ಅಂಗಡಿಗೆ ಹೋದಳು. ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಒಂದು ಅಲ್ಲಾಡುವ ಸ್ಟೂಲು, ಇಷ್ಟೇ ಅವನ ಕಚೇರಿ. ಪಾಸ್‌ಪೋರ್ಟಿನಿಂದ ಹಿಡಿದು ನಲ್ಲಿ ಸಂಪರ್ಕದವರೆಗೆ ಯಾವ ಅರ್ಜಿ ಬೇಕಾದರೂ ತುಂಬುತ್ತಿದ್ದ. ತುಂಬುವುದಷ್ಟೇ ಅವನ ಕೆಲಸ, ಯೋಚನೆ ಮಾಡುವುದು ಗಿರಾಕಿಗೆ ಬಿಟ್ಟದ್ದು.

“ಈ ವರ್ಷ ನಿಮ್ಮ ಅಕೌಂಟಿಗೆ ಏನೇನು ಬಂತು, ಹೇಳ್ತಾ ಹೋಗಿ ಅಕ್ಕಾ,” ಎಂದ.

ಅವನು ಹಾಗೆ ಕೇಳಿದ್ದೇ ತಪ್ಪಾಯಿತು. ಎಕ್ಸ್‌ಚೇಂಜಿನಲ್ಲಿ ಒಂದು ಪದ್ಧತಿಯಿತ್ತು. ಹೊರಗಿನಿಂದ ಬಂದ ಕರೆಗಳನ್ನು ಒಂದು ಕಡೆ, ಒಳಗಿನಿಂದ ಹೋದವನ್ನು ಇನ್ನೊಂದು ಕಡೆ ಗುರುತು ಹಾಕಬೇಕು. ವಾರ್ಡಿಗೆ ಕೊಟ್ಟ ಕರೆಯನ್ನು ಅಲ್ಲಿ ಯಾರೂ ಎತ್ತದೆ ಅದು ಮರಳಿ ಬೋರ್ಡಿಗೇ ಬಂದರೆ ಅದೂ ‘ಬಂದದ್ದು’ ಎಂದೇ ಲೆಕ್ಕ. ಮೊದಲು ಬಂದ ಕರೆಯೇ ತಿರುಗಿ ಬಂತಲ್ಲ ಎಂದು ಬಿಡುವ ಹಾಗಿಲ್ಲ. ಹೊಸದಾಗಿ ಸೇರಿದಾಗ ಹಾಗೆ ಬಿಟ್ಟು ಮೇಲ್ವಿಚಾರಕಿಯ ಕೈಯಲ್ಲಿ ಚೆನ್ನಾಗಿ ಉಗಿಸಿಕೊಂಡಿದ್ದಳು. ಅಂದಿನಿಂದ ದೀಪ ಹೊತ್ತಿದ್ದೆಲ್ಲ ಅವಳಿಗೆ ಬಂದದ್ದೇ. ಬ್ಯಾಂಕಿನ ಪಾಸ್‌ಬುಕ್ಕನ್ನೂ ಅವಳು ಹಾಗೆಯೇ ಓದಿದಳು. ತಿಂಗಳ ಪಿಂಚಣಿ ಬಂದದ್ದು. ಬಡ್ಡಿ ಬಂದದ್ದು. ಅವಧಿ ಮುಗಿದು ತಿರುಗಿ ಬಂದ ಠೇವಣಿಯ ಅಸಲು, ಅದೂ ಬಂದದ್ದು.

ಅರ್ಜಿ ಮಾಮನ ಬೆರಳು ನಿಂತಿತು. “ಇದು ದೊಡ್ಡದಾಗಿದ್ಯಲ್ಲ ಅಕ್ಕಾ. ಏನಿದು?”

“ಡಿಪಾಸಿಟ್‌ದು. ಬಂದಿದೆ.”

“ಆದಾಯಕ್ಕೇ ಹಾಕ್ಲಾ?”

“ಬಂದಿದ್ದೆಲ್ಲ ಹೇಳಿ ಅಂದೋರು ನೀವೇ. ಬಂದಿದೆ, ಹಾಕಿ.”

ಅದೇ ಹಳೇ ದನಿ, “ಹಲೋ, ಆಸ್ಪತ್ರೆ” ಎಂಬ ದನಿ. ಅದಕ್ಕೆ ಎದುರಾಡಲು ಡಾಕ್ಟರುಗಳಿಗೇ ಆಗಿರಲಿಲ್ಲ, ಅರ್ಜಿ ಮಾಮನಿಗೆಲ್ಲಿ ಆಗಬೇಕು? ಹಾಕಿದ. ಕಂಪ್ಯೂಟರು ಕಟ್ಟಬೇಕಾದ ತೆರಿಗೆ ತೋರಿಸಿತು. ನೋಡಿ ಅಕ್ಕನ ಎದೆ ಧಸಕ್ಕೆಂದಿತು. ಮಂಡಿಯ ದುಡ್ಡಿನಲ್ಲಿ ದೊಡ್ಡ ತುಂಡೊಂದು ಹೋಗುತ್ತದೆ. ಆದರೆ ಧಸಕ್ಕೆಂದ ಎದೆಯೇ ಮರುಗಳಿಗೆಯಲ್ಲಿ ಉಬ್ಬಿತು. ಇಷ್ಟು ತೆರಿಗೆ! ತನಗೆ! ಪಿಂಚಣಿ ಪರಿಷ್ಕರಣೆಯ ಬಾಕಿ ಇಂದೋ ನಾಳೆಯೋ ಬರುತ್ತದೆ ಎಂದು ನಿವೃತ್ತರ ಸಂಘದವರು ಹೇಳುತ್ತಲೇ ಇದ್ದರು, ಗಂಡನ ಸರದಿ ಬರುವಷ್ಟರಲ್ಲಿ ತೂತು ಮುಚ್ಚಿಕೊಳ್ಳುತ್ತದೆ ಎಂದುಕೊಂಡಳು. ಆ ಅಲ್ಲಾಡುವ ಸ್ಟೂಲಿನ ಮೇಲೆ ನೆಟ್ಟಗೆ ಕೂತು, ಅಲ್ಲೇ, ಅವತ್ತೇ ಕಟ್ಟಿಸಿದಳು. ರಸೀದಿಯನ್ನು ಮಡಿಸದೆ ಕೈಯಲ್ಲೇ ಹಿಡಿದುಕೊಂಡು ಬೀದಿಯಲ್ಲಿ ನಡೆದಳು. ವಾರಗಿತ್ತಿಯ ಮನೆಯ ಮುಂದೆ ಹೆಜ್ಜೆ ತುಸು ನಿಧಾನವಾಯಿತು. ಒಳಗೆ ಮಿಷನ್ನುಗಳು ಗಡಗಡ ಎನ್ನುತ್ತಿದ್ದವು, ಯಾರೂ ತಲೆ ಎತ್ತಲಿಲ್ಲ. ಗಂಡನಿಗೂ ಹೇಳಲಿಲ್ಲ, ಮೆಚ್ಚಿಗೆ ಪತ್ರ ಬಂದ ಮೇಲೆ ಒಟ್ಟಿಗೇ ಹೇಳೋಣ ಎಂದು ಬಾಯಿ ಮುಚ್ಚಿಕೊಂಡಳು.

ಮೆಚ್ಚಿಗೆ ಪತ್ರ ಬರಲಿಲ್ಲ, ಆಸ್ಪತ್ರೆಯಿಂದ ಫೋನು ಬಂತು. ಮುಂದಿನ ಸರದಿಯವನು ಹಿಂದೆ ಸರಿದಿದ್ದಾನೆ, ಲಿಫ್ಟಣ್ಣನನ್ನು ಬರುವ ವಾರ ಸೇರಿಸಿ, ಕೀಲಿನ ದುಡ್ಡು ಕಟ್ಟಿ ಎಂದರು. ಈಗ ಬಿಟ್ಟರೆ ಆ ಹಿರಿಯ ಡಾಕ್ಟರೂ ನಿವೃತ್ತರಾಗುತ್ತಾರೆ, ಆಮೇಲೆ ಯಾವಾಗ ಎಂದು ಹೇಳಲು ಆಗುವುದಿಲ್ಲ. ಲಿಫ್ಟಣ್ಣ ಮಗುವಿನಂತೆ ಖುಷಿಪಟ್ಟ. “ಇನ್ಮೇಲೆ ದಿನಾ ಪಾರ್ಕಿಗೆ ಕರ್ಕೊಂಡು ಹೋಗ್ತೀನಿ ನಿನ್ನ,” ಎಂದ. ಅಕ್ಕ ಬ್ಯಾಂಕಿಗೆ ಓಡಿದಳು.

ಕನ್ನಡಕದ ಹುಡುಗಿ ಖಾತೆ ತೆಗೆದು ನೋಡಿ, ರಸೀದಿ ನೋಡಿ, ಮತ್ತೆ ಖಾತೆ ನೋಡಿದಳು.

“ಅಮ್ಮಾ, ನೀವು ಅಸಲನ್ನೂ ಆದಾಯ ಅಂತ ತೋರಿಸಿದೀರಾ?”

“ಬಂತಲ್ಲಮ್ಮ ಅಕೌಂಟಿಗೆ.”

“ಬಂತು. ಆದ್ರೆ ಅದು ನಿಮ್ಮ ದುಡ್ಡೇ ಅಲ್ವಾ, ನೀವೇ ಇಟ್ಟಿದ್ದು? ಹೊರಗೆ ಹೋದ ಮನೆಯವರು ಸಂಜೆ ವಾಪಸ್ ಬಂದ್ರೆ ನೆಂಟರು ಬಂದ್ರು ಅಂತೀರಾ? ಪಿಂಚಣಿ ಆದಾಯ. ಬಡ್ಡಿ ಆದಾಯ. ಅಸಲು ವಾಪಸ್ ಬಂದ್ರೆ ಅದಕ್ಕೆ ಟ್ಯಾಕ್ಸ್ ಇಲ್ಲ. ನಿಮಗೆ ಒಂದು ಬಿಡಿಗಾಸು ಟ್ಯಾಕ್ಸೂ ಬರ್ತಿರ್ಲಿಲ್ಲ.”

ನೆಲ ಬಿರಿದು ನುಂಗಬಾರದೇ ಅನ್ನಿಸಿತು ಅಕ್ಕನಿಗೆ. ತಿದ್ದಿದ ಲೆಕ್ಕ ಕೊಟ್ಟರೆ ಇಲಾಖೆಯವರು ಹಣ ತಿರುಗಿಸುತ್ತಾರೆ, ಭಯಪಡಬೇಡಿ, ಆದರೆ ಕೆಲವು ತಿಂಗಳು ಹಿಡಿಯಬಹುದು, ಒಬ್ಬ ಒಳ್ಳೆ ಆಡಿಟರ್ ಹಿಡಿಯಿರಿ ಎಂದಳು ಹುಡುಗಿ. ಆಡಿಟರ್! ಅಕ್ಕನಿಗೆ ಗೊತ್ತಿದ್ದ ಆಡಿಟರ್ ಜಗತ್ತಿನಲ್ಲಿ ಒಬ್ಬನೇ.

ಪ್ರಾಣ ಹೋದರೂ ಅಲ್ಲಿಗೆ ಹೋಗಲಾರೆ ಎಂದುಕೊಂಡೇ ಮನೆಗೆ ಬಂದಳು. ಗಂಡನಿಗೆ ಬಾಯಿಗೆ ಬಂದ ಸುಳ್ಳು ಹೇಳಿದಳು: ಹಿಂದೆ ಪಿಂಚಣಿ ಹೆಚ್ಚು ಕೊಟ್ಟುಬಿಟ್ಟಿದ್ದರಂತೆ, ಪಿಂಚಣಿ ಆಫೀಸಿನವರು ಒಂದೇ ಸಲಕ್ಕೆ ಹಿಡಿದುಕೊಂಡಿದ್ದಾರೆ, ಹೋದದ್ದು ಹೋಯಿತು. ಲಿಫ್ಟಣ್ಣ ಮಂಡಿ ಸವರಿಕೊಂಡ.

“ಹೋಗ್ಲಿ ಬಿಡು,” ಎಂದ. “ನನಗೇನೂ ಅವಸರ ಇಲ್ಲ. ಈ ಮಂಡಿ ಇಷ್ಟು ದಿನ ನಡೆಸಿದೆ, ಇನ್ನೂ ಸ್ವಲ್ಪ ದಿನ ನಡೆಸುತ್ತೆ.”

ಬೈದಿದ್ದರೆ ಅವಳಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಮಾರನೇ ದಿನ ಬೆಳಿಗ್ಗೆ ಕಸದ ಬುಟ್ಟಿ ಹಿಡಿದು ಕೆಳಗೆ ಹೋದವನು ಎಷ್ಟು ಹೊತ್ತಾದರೂ ಬರಲಿಲ್ಲ. ಅಕ್ಕ ಬಾಗಿಲು ತೆರೆದು ಇಣುಕಿದಳು. ಲಿಫ್ಟಣ್ಣ ಬುಟ್ಟಿಯನ್ನು ಮೇಲಿನ ಮೆಟ್ಟಿಲಿಗೆ ತಳ್ಳಿ, ಕುಂಡೆಯೂರಿ ಕೂತು, ಹಿಂದುಹಿಂದಾಗಿ ಒಂದೊಂದೇ ಮೆಟ್ಟಿಲು ಏರುತ್ತಿದ್ದ. ಎರಡನೇ ಮಹಡಿಯ ಬಾಗಿಲು ತೆರೆದ ಸದ್ದಾದಾಗ ತಟ್ಟನೆ ಗೋಡೆ ಹಿಡಿದು ಎದ್ದು ನಿಂತು, ಗಾಳಿ ಕುಡಿಯಲು ನಿಂತವನಂತೆ ಮುಖ ಮಾಡಿದ. ಆ ಮುಖ ನೋಡಿ ಅಕ್ಕ ಬಾಗಿಲ ಮರೆಗೆ ಸರಿದಳು. ಅವಳ ಕಣ್ಣಲ್ಲಿ ನೀರು ಬಂತು. ತಾನು ಎಂಥ ಪಾಪಿ ಎಂದು ಮೊದಲ ಬಾರಿಗೆ ಬಾಯಿಬಿಟ್ಟು ತನಗೇ ಹೇಳಿಕೊಂಡಳು.

ವಾರಗಿತ್ತಿ ಕತ್ತರಿ ಮೇಜಿನ ಮುಂದೆ ನಿಂತಿದ್ದಳು, ತುಟಿಗಳ ನಡುವೆ ಗುಂಡುಸೂಜಿ. ಅಕ್ಕ ಅವಳನ್ನು ಹಿಂದಿನ ಕೋಣೆಗೆ ಕರೆದು, ಬಟ್ಟೆಯ ಥಾನುಗಳ ಮಧ್ಯೆ ನಿಂತು, ಮುಖ ನೋಡದೆ, ಎಲ್ಲ ಹೇಳಿದಳು. ಒಂದನ್ನು ಮಾತ್ರ ಹೇಳಲಿಲ್ಲ, ಯಾಕೆ ಮಾಡಿದೆ ಎನ್ನುವುದನ್ನು. ವಾರಗಿತ್ತಿ ನಗುತ್ತಾಳೆ ಎಂದು ಅವಳು ಹಲ್ಲು ಕಚ್ಚಿಕೊಂಡು ಕಾದಳು. ನಕ್ಕರೆ ಜಗಳವಾಡಿ ಎದ್ದು ಹೋಗಬಹುದಿತ್ತು.

ವಾರಗಿತ್ತಿ ನಗಲಿಲ್ಲ. ಸೂಜಿಗಳನ್ನು ಬಾಯಿಂದ ತೆಗೆದು ದಿಂಬಿಗೆ ಚುಚ್ಚಿ ಆಡಿಟರಿಗೆ ಫೋನು ಮಾಡಿದಳು. ಆಮೇಲೆ, “ಅದು ಬರೋವಾಗ ಬರ್ಲಿ ಅಕ್ಕಾ. ಈಗ ಭಾವನ ಕಾಲು ಮುಖ್ಯ. ಶಾಲೆಯವರ ದುಡ್ಡು ಬಂದಿದೆ, ತಗೊಳ್ಳಿ,” ಎಂದಳು.

“ನಿಮ್ಮ ಭಾವನಿಗೆ ಹೇಳ್ಬೇಡ ಕಣೇ. ಟ್ಯಾಕ್ಸಿನ ವಿಷಯ.”

“ನಾನ್ಯಾಕೆ ಹೇಳ್ಲಿ?” ಎಂದು ವಾರಗಿತ್ತಿ ನೋಟು ಎಣಿಸುತ್ತಾ, “ನಿಮ್ಮನ್ನ ನೋಡಿದ್ರೆ ನನಗೆ ಹೊಟ್ಟೆಕಿಚ್ಚಾಗುತ್ತೆ ಅಕ್ಕಾ, ಗೊತ್ತಾ? ತಿಂಗಳ ಮೊದಲ್ನೇ ತಾರೀಕು ಕೂತಲ್ಲಿಗೇ ಪಿಂಚಣಿ ಬರುತ್ತೆ. ನಾನು ಪೆಡಲ್ ತುಳಿಯೋದು ನಿಲ್ಲಿಸಿದ ದಿನ ನನಗೆ ಏನಿದೆ?” ಎಂದಳು.

ಇನ್ನೊಬ್ಬಳಾಗಿದ್ದರೆ ಅವಳ ಕೈ ಹಿಡಿದುಕೊಳ್ಳುತ್ತಿದ್ದಳು. ಅಕ್ಕನಿಗೆ ಇನ್ನೂ ಉರಿಯಿತು. ಕನಿಕರ ಪಡುವವರು ಹೀಗೆಯೇ ಮಾತಾಡುತ್ತಾರೆ ಎಂಬುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹಿಂದೆ ಹಳೇ ಸ್ವೆಟರು ಕೊಡುವಾಗ ತಾನೂ, ‘ನಿನ್ನ ಬಣ್ಣಕ್ಕೆ ಇದು ನನಗಿಂತ ಚೆನ್ನಾಗಿ ಒಪ್ಪುತ್ತೆ’ ಎಂದೇ ಹೇಳಿದ್ದಳು. ದುಡ್ಡು ತೆಗೆದುಕೊಂಡು ಬಂದಳು, ಹೇಗೋ ಹೊಂದಿತು ಎಂದಷ್ಟೇ ಗಂಡನಿಗೆ ಹೇಳಿದಳು.

ಆಪರೇಷನ್ ಚೆನ್ನಾಗಿಯೇ ಆಯಿತು. ವಾರ್ಡಿನಲ್ಲಿ ಮೈದುನ ಅಣ್ಣನ ಪಕ್ಕ ಕೂತು, ಬಾಯಿ ತಡೆಯಲಾರದೆ, ದುಡ್ಡು ನಮ್ಮ ಮನೆಯವಳು ಕೊಟ್ಟಳು ಎಂದುಬಿಟ್ಟ. ಅಲ್ಲಿಂದ ಶುರುವಾಯಿತು ಲಿಫ್ಟಣ್ಣನ ಭಜನೆ. ವ್ಯಾಯಾಮ ಮಾಡಿಸಲು ಬರುವವಳಿಗೆ, ಹಾಲಿನವನಿಗೆ, ಎರಡನೇ ಮಹಡಿಯವರಿಗೆ, ಎಲ್ಲರಿಗೂ ಹೇಳಿದ. “ನಮ್ಮ ದುಡ್ಡು ಪಿಂಚಣಿ ಆಫೀಸಿನವರ ಪಾಲಾಯ್ತು. ನನ್ನ ತಮ್ಮನ ಹೆಂಡತಿ ಕೊಡಿಸಿದ ಕಾಲು ಇದು.” ಅವನು ಮಂಡಿ ಮಡಿಸಿದಾಗಲೆಲ್ಲ ವಾರಗಿತ್ತಿಯ ಗುಣಗಾನ, ಬಿಡಿಸಿದಾಗಲೂ ಅದೇ. ಅಕ್ಕ ಬಿಸಿನೀರಿನ ಚೀಲ ಹಿಡಿದು, ರಾತ್ರಿ ಹಗಲು ಕಾಲು ಒತ್ತಿ, ಹಲ್ಲು ಕಚ್ಚಿಕೊಂಡು ಕೇಳಿದಳು. ಗಂಡ ಒಂದು ಹೆಜ್ಜೆ ಚೆನ್ನಾಗಿಟ್ಟರೆ ಅವಳಿಗೆ ಕಣ್ತುಂಬ ಸಂತೋಷವೂ ಆಗುತ್ತಿತ್ತು, ಹೊಟ್ಟೆತುಂಬ ಉರಿಯೂ ಆಗುತ್ತಿತ್ತು.

ಆಡಿಟರ್ ಲೆಕ್ಕ ತಿದ್ದಿಸಿದ. ಇಲಾಖೆಯಿಂದ ತೆರಿಗೆಯಷ್ಟೂ ತಿರುಗಿ ಬಂತು. ಬಂದ ದಿನವೇ ಅಕ್ಕ ಅದನ್ನು ಎತ್ತಿಕೊಂಡು ಹೋಗಿ ವಾರಗಿತ್ತಿಯ ಕೈಗೆ ಹಾಕಿ, ಸಾಲ ತೀರಿತು ಎಂದು ಹಗುರಾದಳು. ಗಂಡನಿಗೆ ಹೇಳಲು ಮಾತ್ರ ದಾರಿ ಕಾಣಲಿಲ್ಲ. ನಾಳೆ ಹೇಳೋಣ ಎಂದು ದಿನ ದೂಡಿದಳು.

ಕೋಲಿಲ್ಲದೆ ಮೆಟ್ಟಿಲಿಳಿಯಬಹುದು ಎಂದು ಡಾಕ್ಟರು ಅಪ್ಪಣೆ ಕೊಟ್ಟ ಸಂಜೆ ಲಿಫ್ಟಣ್ಣ ಇಸ್ತ್ರಿ ಮಾಡಿದ ಷರ್ಟು ಹಾಕಿಕೊಂಡ. ಪಾರ್ಕಿಗೆ ಎಂದುಕೊಂಡು ಅಕ್ಕನೂ ಒಳ್ಳೆಯ ಚಪ್ಪಲಿ ಮೆಟ್ಟಿದಳು. ಮೂರು ಮಹಡಿಯನ್ನೂ ಅವನು ಕಂಬಿ ಹಿಡಿಯದೆ ಇಳಿದ. ಪಾರ್ಕು ಬಲಕ್ಕೆ. ಅವನು ಎಡಕ್ಕೆ ತಿರುಗಿದ.

“ಎಲ್ಲಿಗ್ರೀ?”

“ಮೊದಲು ಅವಳಿಗೆ ತೋರಿಸ್ಬೇಕಲ್ವೇನೇ?”

ವಾರಗಿತ್ತಿಯ ಬಾಗಿಲಲ್ಲಿ ಅವನನ್ನು ಕಂಡದ್ದೇ ಮಿಷನ್ನುಗಳು ಒಂದೊಂದಾಗಿ ನಿಂತವು. ಹೊಲಿಯುವ ಹೆಂಗಸರು ಎದ್ದು ಚಪ್ಪಾಳೆ ತಟ್ಟಿದರು. ಲಿಫ್ಟಣ್ಣ ಮುಂಗೋಣೆಯ ಈ ಗೋಡೆಯಿಂದ ಆ ಗೋಡೆಗೆ ನಡೆದು ತೋರಿಸಿ, ವಾರಗಿತ್ತಿಯ ಮುಂದೆ ನಿಂತ. “ಈ ಕಾಲು ನಿಂದು ಕಣಮ್ಮ. ಹೆತ್ತ ತಾಯಿ ಆದ ಮೇಲೆ ನೀನೇ,” ಎಂದ.

ಬಾಗಿಲಲ್ಲೇ ನಿಂತಿದ್ದ ಅಕ್ಕನ ಒಳಗೆ ಏನೋ ಪಟ್ಟನೆ ಹರಿಯಿತು.

“ಅವಳ ದುಡ್ಡಲ್ಲ ಅದು! ನನ್ನ ದುಡ್ಡು! ಎಲ್ಲ ವಾಪಸ್ ಕೊಟ್ಟಾಗಿದೆ!”

ಲಿಫ್ಟಣ್ಣ ತಿರುಗಿದ. “ನಿಂಗೆಲ್ಲಿಂದ ಬಂತು? ಪಿಂಚಣಿ ಆಫೀಸಿನವರು ಹಿಡ್ಕೊಂಡಿದ್ದು ಹೋಯ್ತು ಅಂದ್ಯಲ್ಲ?”

ಬೇರೆ ಕಡೆಯಾಗಿದ್ದರೆ ಇನ್ನೊಂದು ಸುಳ್ಳು ಸಲೀಸಾಗಿ ಹುಟ್ಟುತ್ತಿತ್ತು. ಆದರೆ ವಾರಗಿತ್ತಿ ಎದುರಿಗೇ ನಿಂತಿದ್ದಳು, ಅವಳಿಗೆ ನಿಜ ಗೊತ್ತಿತ್ತು. ಅವಳ ಕಣ್ಣ ಮುಂದೆ ಸುಳ್ಳು ಹೇಳಿ ಚಿಕ್ಕವಳಾಗುವುದಕ್ಕಿಂತ ಮರ್ಯಾದೆ ಹೋದರೂ ಸರಿ ಎನ್ನಿಸಿತು ಅಕ್ಕನಿಗೆ. ಅಷ್ಟು ಜನ ಹೆಂಗಸರ ಮುಂದೆ ಹೇಳಿದಳು: ಪಿಂಚಣಿ ಆಫೀಸಿನವರು ಏನೂ ಹಿಡಿದುಕೊಂಡಿರಲಿಲ್ಲ, ಕಟ್ಟಬೇಕಾಗಿಲ್ಲದ ತೆರಿಗೆಯನ್ನು ನಾನೇ ಕೇಳಿ ಕಟ್ಟಿದೆ, ನಿಮ್ಮ ಮಂಡಿಯ ದುಡ್ಡು ಅಂತ ಗೊತ್ತಿದ್ದೂ ಕಟ್ಟಿದೆ.

“ಯಾಕೆ?” ಎಂದ ಲಿಫ್ಟಣ್ಣ.

“ಇವಳು ಕಟ್ತಾಳಲ್ಲ, ಅದಕ್ಕೆ.”

ಲಿಫ್ಟಣ್ಣ ಹೆಂಡತಿಯನ್ನೂ ತನ್ನ ಕಾಲನ್ನೂ ಬದಲಿಸಿ ಬದಲಿಸಿ ನೋಡಿದ. ಕೊನೆಗೆ, “ಎಷ್ಟು ಕಟ್ಟಿದೆ?” ಎಂದ. ಅಕ್ಕ ಹೇಳಿದಳು. ಹೊಲಿಯುವವರಲ್ಲೊಬ್ಬಳು ಮೂಗಿನ ಮೇಲೆ ಬೆರಳಿಟ್ಟುಕೊಂಡಳು.

ಆಗ ವಾರಗಿತ್ತಿ ಹತ್ತಿರ ಬಂದು ಅಕ್ಕನ ಹೆಗಲ ಮೇಲೆ ಅಂಟಿದ್ದ ದಾರದ ಎಳೆಯೊಂದನ್ನು ತೆಗೆದಳು. “ಅಬ್ಬಾ! ನಾನು ಈ ವರ್ಷ ಅದರ ಅರ್ಧಾನೂ ಕಟ್ಟಿಲ್ಲ ಭಾವ,” ಎಂದಳು. “ನಮ್ಮ ಮನೆತನದಲ್ಲಿ ಅಕ್ಕನದ್ದೇ ಜಾಸ್ತಿ.”

ಹೆಂಗಸರು ಗೊಳ್ಳೆಂದು ನಕ್ಕರು. ಲಿಫ್ಟಣ್ಣನೂ ತಡೆಯಲಾರದೆ ನಕ್ಕುಬಿಟ್ಟ. ಮಿಷನ್ನುಗಳು ಮತ್ತೆ ಶುರುವಾದವು. ಅಕ್ಕ ನಗಲಿಲ್ಲ. ಬೀದಿಗೆ ಬಂದ ಮೇಲೂ ವಾರಗಿತ್ತಿಯ ಮಾತನ್ನೇ ತಿರುಗಿಸಿ ಮುರುಗಿಸಿ ನೋಡುತ್ತಿದ್ದಳು. ಅರ್ಧಾನೂ ಕಟ್ಟಿಲ್ಲ ಎಂದದ್ದು ನಿಜವೋ, ತನ್ನ ಮಾನ ಉಳಿಸಲು ಅವಳು ಅಷ್ಟು ಜನರ ಮುಂದೆ ಸುಳ್ಳು ಹೇಳಿ ತನ್ನನ್ನು ಮೇಲೆ ಕೂರಿಸಿದಳೋ? ನಿಜವಾಗಿದ್ದರೆ ಚೆನ್ನಾಗಿತ್ತು. ಸುಳ್ಳಾಗಿದ್ದರೆ ಅದನ್ನು ಜೀವ ಇರುವ ತನಕ ಹೊರಬೇಕು. ಆಡಿಟರನ್ನು ಹೇಗೆ ಕೇಳುವುದು, ಅವನು ಹೇಳುತ್ತಾನೋ ಇಲ್ಲವೋ ಎಂದು ಯೋಚಿಸುತ್ತಾ ತಲೆ ಎತ್ತಿದರೆ ಗಂಡ ಪಾರ್ಕಿನ ತಿರುವಿನ ಹತ್ತಿರ ಹೋಗಿಬಿಟ್ಟಿದ್ದ, ನೆಟ್ಟಗೆ, ಬೀಸು ಹೆಜ್ಜೆ ಹಾಕುತ್ತಾ.

“ರೀ, ಸ್ವಲ್ಪ ನಿಲ್ಲಿ!” ಎಂದು ಕೂಗಿದಳು ಅಕ್ಕ. ಅವನಿಗೆ ಕೇಳಿಸಲಿಲ್ಲ.